ಪಾಪವನ್ನು ದ್ವೇಷಿಸುವ ಗೆಳೆಯರಿಗೆ

ಸಲಿಂಗಪ್ರೇಮದ ವಿಷಯ ಎತ್ತಿದರೆ ನನ್ನ ಕ್ರೈಸ್ತ ಗೆಳೆಯರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: ‘ನಾವು ದ್ವೇಷಿಸುವುದು ಪಾಪವನ್ನು, ಪಾಪಿಯನ್ನಲ್ಲ.’ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಕೇಳಿದ್ದೇನೆ, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೇಳಿದ್ದೇನೆ, ರೋಸಿನ ಚಪ್ಪರದಲ್ಲಿ ತಟ್ಟೆ ಹಿಡಿದು ನಿಂತವರಿಂದಲೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಜ್ವರ ಬಂದರೆ ಗಂಜಿ ತಂದುಕೊಡುವವರು, ಫೆಲೋಶಿಪ್ ನಿಂತಾಗ ಕೇಳದೆಯೇ ದುಡ್ಡು ಹಾಕಿದವರು. ಒಬ್ಬ ಬಂಟ್ವಾಳ ಕಡೆಯ ಕ್ಯಾಥೊಲಿಕ್, ಇನ್ನೊಬ್ಬಳು ಶಿವಮೊಗ್ಗದ ಪೆಂಟೆಕೋಸ್ಟ್ ಸಭೆಯವಳು, ಮೂರನೆಯವನು ನನ್ನಂತೆಯೇ ಸಿಎಸ್ಐ, ದೇವಶಾಸ್ತ್ರ ಓದಿ ಬಂದವನು. ಈ ಲೇಖನವನ್ನು ಅವರು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಓದಿ ಜಗಳಕ್ಕೆ ಬರಲಿ.

ಈ ಮಾತು ಬೈಬಲ್ಲಿನಲ್ಲಿ ಇಲ್ಲ. ಇದೆ ಎಂದು ಪಣ ಕಟ್ಟಿದವರನ್ನು ಕಂಡಿದ್ದೇನೆ. ಐದನೇ ಶತಮಾನದಲ್ಲಿ ಸಂತ ಅಗಸ್ಟೀನ್ ಒಂದು ಸನ್ಯಾಸಿನಿಯರ ಮಠಕ್ಕೆ ಬರೆದ ಪತ್ರದಲ್ಲಿ ಇದರ ಮೂಲರೂಪ ಸಿಗುತ್ತದೆ. ಮಠದೊಳಗೆ ತಪ್ಪು ಮಾಡಿದವಳನ್ನು ತಿದ್ದುವಾಗ ಮನಸ್ಸು ಹೇಗಿರಬೇಕು ಎಂಬ ಸಂದರ್ಭ ಅದು. ನಮ್ಮ ನಾಲಿಗೆಯಲ್ಲಿ ಇದನ್ನು ಕೂರಿಸಿದವರು ಬಹುಶಃ ಗಾಂಧೀಜಿ. ಆತ್ಮಕಥೆಯಲ್ಲಿ ಅವರು ಇದನ್ನು ಹೇಳಿದ್ದು ಹೊಗಳುವುದಕ್ಕಲ್ಲ. ಅರ್ಥವಾಗುವುದು ಸುಲಭ, ಪಾಲಿಸುವುದು ಅಪರೂಪ ಎಂದು ಕೊರಗುವುದಕ್ಕೆ. ನಮ್ಮ ಗೆಳೆಯರು ಕೊರಗನ್ನು ಬಿಟ್ಟು ಮಾತನ್ನಷ್ಟೇ ಇಟ್ಟುಕೊಂಡಿದ್ದಾರೆ.

ಕಳ್ಳನ ವಿಷಯದಲ್ಲಿ ಈ ಮಾತಿಗೆ ಅರ್ಥವಿದೆ. ಕಳ್ಳತನ ಬಿಟ್ಟ ಮೇಲೂ ಮನುಷ್ಯ ಉಳಿಯುತ್ತಾನೆ, ಮೊದಲಿಗಿಂತ ಚೆನ್ನಾಗಿಯೇ ಉಳಿಯುತ್ತಾನೆ. ಆದರೆ ಒಬ್ಬ ಹುಡುಗ ಯಾರಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ, ಯಾರಿಗೆ ಹುಷಾರಿಲ್ಲದಾಗ ಅವನಿಗೆ ಊಟ ಸೇರುವುದಿಲ್ಲ, ವಯಸ್ಸಾದ ಮೇಲೆ ಯಾರ ಪಕ್ಕದಲ್ಲಿ ಕೂರಬೇಕೆಂದು ಕನಸು ಕಾಣುತ್ತಾನೆ, ಇದನ್ನೆಲ್ಲ ಪಾಪದ ಲೆಕ್ಕಕ್ಕೆ ಬರೆದುಕೊಂಡ ಮೇಲೆ ಪ್ರೀತಿಸಲು ಉಳಿಯುವ ಪಾಪಿ ಯಾರು? ಅವನ ಆಧಾರ್ ಕಾರ್ಡೇ? ಕ್ಯಾಥೊಲಿಕ್ ಗೆಳೆಯ ಇಲ್ಲಿ ನನ್ನನ್ನು ತಡೆಯುತ್ತಾನೆ. ಧರ್ಮಸಭೆ ಒಲವನ್ನು ಪಾಪ ಎನ್ನುವುದಿಲ್ಲ, ಕ್ರಿಯೆಯನ್ನು ಮಾತ್ರ ಪಾಪ ಎನ್ನುತ್ತದೆ ಎನ್ನುತ್ತಾನೆ. ನಿಜ. ಕ್ಯಾಟಕಿಸಂನ 2357ರಿಂದ 2359ರವರೆಗಿನ ಪ್ಯಾರಾಗಳಲ್ಲಿ ಹಾಗೇ ಇದೆ. ಇಂಥವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಮಾಡಬಾರದು ಎಂದೂ ಇದೆ. ಅದೇ ಉಸಿರಿನಲ್ಲಿ ಆ ಒಲವು ಅಸ್ತವ್ಯಸ್ತವಾದದ್ದು ಎಂದೂ ಇದೆ. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಇಂಥ ಜೋಡಿಗಳಿಗೆ ಆರಾಧನಾ ವಿಧಿಯ ಹೊರಗೆ ಸರಳ ಆಶೀರ್ವಾದ ಕೊಡಬಹುದೆಂದಿತು. ಬೋಧನೆ ಮಾತ್ರ ಬದಲಾಗಿಲ್ಲ ಎಂದು ಜೊತೆಗೇ ಸೇರಿಸಿತು. ನನ್ನ ಜಗಳ ವ್ಯಾಟಿಕನ್ ಜೊತೆ ಅಲ್ಲ, ಅಲ್ಲಿಗೆ ನನ್ನ ದನಿ ತಲುಪುವುದೂ ಇಲ್ಲ. ಜಗಳ ಗೆಳೆಯರ ಜೊತೆ.

ಹತ್ತೊಂಬತ್ತನೇ ಶತಮಾನದ ಮಿಷನರಿ ಕನ್ನಡದ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ ‘ಪಾಪ’ ಎಂಬ ಶಬ್ದದ ಜೊತೆ ನನಗೆ ದಿನವೂ ಒಡನಾಟ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ ಹಮಾರ್ತಿಯಾ ಎಂಬ ಪದಕ್ಕೆ ಮೂಲದಲ್ಲಿ ಗುರಿ ತಪ್ಪುವುದು ಎಂಬ ಅರ್ಥ. ಕನ್ನಡಕ್ಕೆ ತರುವಾಗ ಸಿಕ್ಕಿದ್ದು ಪಾಪ. ಪುಣ್ಯದ ಎದುರಿಗಿರುವ, ಜನ್ಮಜನ್ಮದ ಲೆಕ್ಕದ ಪುಸ್ತಕವಿರುವ ಪಾಪ. ಅದೇ ಶಬ್ದವನ್ನು ನಾವು ಮರುಕಕ್ಕೂ ಬಳಸುತ್ತೇವೆ. ಮಳೆಯಲ್ಲಿ ನೆನೆದ ನಾಯಿಮರಿ ಕಂಡರೆ ‘ಅಯ್ಯೋ ಪಾಪ’. ನನ್ನ ಗೆಳೆಯರ ಮಾತಿನಲ್ಲಿ ಈ ಎರಡೂ ಕಲಸಿಹೋಗಿವೆ. ‘ಪಾಪ, ಒಳ್ಳೆಯ ಹುಡುಗ’ ಎಂದು ಶುರುವಾದ ವಾಕ್ಯ ‘ಆದರೆ ಪಾಪ ಪಾಪವೇ ತಾನೆ’ ಎಂದು ಮುಗಿಯುತ್ತದೆ. ಎರಡನೆಯದಕ್ಕಿಂತ ಮೊದಲನೆಯ ಪಾಪವೇ ನನಗೆ ಹೆಚ್ಚು ಕಿರಿಕಿರಿ ಮಾಡುತ್ತದೆ.

ಇನ್ನೂ ಮುಖ್ಯವಾದದ್ದು ವ್ಯಾಕರಣ. ಕ್ರೈಸ್ತ ಆರಾಧನೆಯಲ್ಲಿ ಪಾಪ ಎಂಬುದು ಉತ್ತಮ ಪುರುಷದಲ್ಲಿ ಆಡುವ ಮಾತು. ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ನನ್ನ ಪಾಪ, ನನ್ನ ಪಾಪ ಎನ್ನುತ್ತೇವೆ. ಪಕ್ಕದ ಬೆಂಚಿನವನ ಎದೆಯನ್ನು ಬಡಿಯುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ನೆರೆಮನೆಯವನ ಪಾಪ ಹೇಳಿದರೆ ಗುರುಗಳು ತಡೆದು, ನಿನ್ನದು ಹೇಳು ಎನ್ನುತ್ತಾರೆ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಹೋದ ಇಬ್ಬರಲ್ಲಿ ಫರಿಸಾಯನು ಬೇರೆಯವರ ಪಾಪಗಳ ಪಟ್ಟಿ ಓದಿ ತಾನು ಹಾಗಿಲ್ಲವೆಂದು ದೇವರಿಗೆ ಧನ್ಯವಾದ ಹೇಳಿದ. ಸುಂಕದವನು ತನ್ನದನ್ನಷ್ಟೇ ಹೇಳಿಕೊಂಡ. ಯಾರು ನೀತಿವಂತನಾಗಿ ಮನೆಗೆ ಹೋದ ಎಂದು ಸಂಡೇ ಸ್ಕೂಲಿನ ಮಗುವೂ ಹೇಳುತ್ತದೆ. ಆದರೂ ಸಲಿಂಗಪ್ರೇಮದ ಚರ್ಚೆ ಬಂದ ಕೂಡಲೇ ನಾವೆಲ್ಲ ‘ಅವರು’, ‘ಅಂಥವರು’ ಎಂದು ಪ್ರಥಮ ಪುರುಷಕ್ಕೆ ಜಿಗಿಯುತ್ತೇವೆ.

‘ಹಾಗಾದರೆ ಸತ್ಯವೇದದ ವಚನಗಳನ್ನು ಹರಿದು ಬಿಸಾಡುವುದೇ?’ ಎಂದು ಪೆಂಟೆಕೋಸ್ಟ್ ಗೆಳತಿ ಕೇಳುತ್ತಾಳೆ. ಬೇಡ. ಓದೋಣ.

ಸೊದೋಮಿನ ಕಥೆಯಲ್ಲಿ ಊರಿನ ಗಂಡಸರು ಲೋಟನ ಮನೆಯನ್ನು ಮುತ್ತಿ, ಬಂದ ಅತಿಥಿಗಳ ಮೇಲೆ ಅತ್ಯಾಚಾರ ಮಾಡಲು ಹೊರಟರು. ಇದನ್ನು ಪ್ರೇಮದ ಕಥೆಯೆಂದು ಓದುವುದು ಹೇಗೆ? ನ್ಯಾಯಸ್ಥಾಪಕರು ಪುಸ್ತಕದ 19ನೇ ಅಧ್ಯಾಯದಲ್ಲಿ ಹೆಚ್ಚೂಕಡಿಮೆ ಇದೇ ಕಥೆ ಗಿಬೆಯ ಎಂಬ ಊರಿನಲ್ಲಿ ಮತ್ತೆ ನಡೆಯುತ್ತದೆ. ಅಲ್ಲಿ ಗುಂಪಿನ ಕೈಗೆ ಸಿಕ್ಕವಳು ಒಬ್ಬ ಲೇವಿಯನ ಉಪಪತ್ನಿ. ರಾತ್ರಿಯಿಡೀ ಹಿಂಸೆಗೆ ಒಳಗಾಗಿ ಬೆಳಗಾಗುವಾಗ ಹೊಸ್ತಿಲ ಮೇಲೆ ಬಿದ್ದಿದ್ದಾಳೆ. ಈ ಅಧ್ಯಾಯ ಓದಿ ಗಂಡು ಹೆಣ್ಣಿನ ಕೂಡಿಕೆಯೇ ಪಾಪ ಎಂದು ಯಾವ ಪ್ರಸಂಗಿಯೂ ಬೋಧಿಸಿದ್ದನ್ನು ನಾನು ಕೇಳಿಲ್ಲ. ಸೊದೋಮಿನ ಪಾಪ ಯಾವುದೆಂದು ಬೈಬಲ್ಲೇ ಒಂದು ಕಡೆ ನೇರವಾಗಿ ಹೇಳುತ್ತದೆ. ಯೆಹೆಜ್ಕೇಲನ 16ನೇ ಅಧ್ಯಾಯ, 49ನೇ ವಚನ: ಗರ್ವ, ಹೊಟ್ಟೆ ತುಂಬಿದ ನೆಮ್ಮದಿ, ಬಡವರ ಕೈ ಹಿಡಿಯದಿರುವುದು. ಮುಂದಿನ ವಚನದಲ್ಲಿ ಅಸಹ್ಯಕಾರ್ಯದ ಮಾತೂ ಬರುತ್ತದೆ ಎಂದು ನನ್ನ ದೇವಶಾಸ್ತ್ರಿ ಗೆಳೆಯ ನೆನಪಿಸುತ್ತಾನೆ. ಒಪ್ಪಿದೆ. ಪ್ರಸಂಗದಲ್ಲಿ 49ನ್ನು ಹಾರಿಸಿ 50ಕ್ಕೆ ಯಾಕೆ ಹೋಗುತ್ತೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಯಾಜಕಕಾಂಡದ ವಿಷಯಕ್ಕೆ ಬಂದರೆ ನಮ್ಮ ಪ್ರಗತಿಪರ ಗೆಳೆಯರಿಗೆ ಒಂದು ಜೋಕು ಸಿದ್ಧವಿರುತ್ತದೆ: ಅದೇ ಪುಸ್ತಕ ಸಿಗಡಿ, ಏಡಿ, ಹಂದಿ ಬೇಡ ಎನ್ನುತ್ತದಲ್ಲ, ನೀವು ಕರಾವಳಿಯವರು ಬಿಟ್ಟಿದ್ದೀರಾ? ಚಪ್ಪಾಳೆ ಗಿಟ್ಟಿಸುವ ಮಾತು, ಆದರೆ ದುರ್ಬಲ ವಾದ. ಆಹಾರದ ನಿಯಮಗಳನ್ನು ಹೊಸ ಒಡಂಬಡಿಕೆಯೇ ಸಡಿಲಿಸಿದೆ, ಪೇತ್ರನಿಗೆ ದರ್ಶನವಾದ ಕಥೆ ಅಪೊಸ್ತಲರ ಕೃತ್ಯಗಳಲ್ಲಿದೆ. ಇಷ್ಟು ಓದದೆ ಏಡಿಯ ಜೋಕು ಹೊಡೆದರೆ ಎದುರಿನವನು ಗೆಲ್ಲುತ್ತಾನೆ, ಗೆಲ್ಲಲೂ ಬೇಕು.

ಪೌಲನದು ಕಷ್ಟದ ಪ್ರಕರಣ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೇ ಅಧ್ಯಾಯದಲ್ಲಿ ದೇವರ ರಾಜ್ಯಕ್ಕೆ ಸೇರದವರ ಪಟ್ಟಿಯಿದೆ. ಅದರಲ್ಲಿ ಅರ್ಸೆನೊಕೊಯ್ತಾಯ್ ಎಂಬ ಅಪರೂಪದ ಗ್ರೀಕ್ ಪದ. ಲೂಥರನ ಜರ್ಮನ್ ಬೈಬಲ್ಲಿನಲ್ಲಿ ಅದು ಹುಡುಗರನ್ನು ಕೆಡಿಸುವವರು ಎಂದಾಯಿತು. ನಮ್ಮ ಮನೆಯ ಹಳೆಯ ಕನ್ನಡ ಸತ್ಯವೇದದಲ್ಲಿ ಪುರುಷಗಾಮಿಗಳು ಎಂದಾಯಿತು. 1946ರಲ್ಲಿ ಬಂದ ಒಂದು ಇಂಗ್ಲಿಷ್ ಪರಿಷ್ಕರಣದಲ್ಲಿ ಹೋಮೋಸೆಕ್ಷುಯಲ್ಸ್ ಎಂದಾಯಿತು. ಈ ಕೊನೆಯ ಪದ ಹುಟ್ಟಿದ್ದೇ 1860ರ ದಶಕದ ಕೊನೆಯಲ್ಲಿ, ಜರ್ಮನ್ ಭಾಷೆಯಲ್ಲಿ. ಹುಡುಗರನ್ನು ಕೆಡಿಸುವವನಿಗೂ ತನ್ನ ವಯಸ್ಸಿನ ಸಂಗಾತಿಯ ಜೊತೆ ಬಾಳುವವನಿಗೂ ವ್ಯತ್ಯಾಸ ಎಷ್ಟೆಂದು ಹೇಳಬೇಕಾಗಿಲ್ಲ. ಆದರೂ ಅನುವಾದದ ಜಾಡು ಹಿಡಿದು ಪೌಲನನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ಆಸೆ ನನಗಿಲ್ಲ. ಇಂದಿನ ಒಂದು ಜೋಡಿಯನ್ನು ಅವನೆದುರು ನಿಲ್ಲಿಸಿದ್ದರೆ ಅವನು ಒಪ್ಪುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಗುಲಾಮರು ಒಡೆಯರಿಗೆ ವಿಧೇಯರಾಗಿರಲಿ ಎಂಬ ಮಾತೂ ಅವನ ಹೆಸರಿನ ಪತ್ರಗಳಲ್ಲೇ ಇದೆ. ಗುಲಾಮಗಿರಿಯ ಕಾಲದಲ್ಲಿ ಆ ವಚನ ಹಿಡಿದು ಪ್ರಸಂಗ ಮಾಡಿದವರಿದ್ದರು, ಅದನ್ನು ದಾಟಿ ಹೋದ ಕ್ರೈಸ್ತರೂ ಇದ್ದರು. ನಾವು ಇಂದು ಹೆಮ್ಮೆಯಿಂದ ಹೆಸರು ಹೇಳುವುದು ದಾಟಿ ಹೋದವರದು.

ಪೌಲನ ಆ ಪಟ್ಟಿಯನ್ನು ಪೂರ್ತಿ ಓದಿ. ಲೋಭಿಗಳಿದ್ದಾರೆ, ಕುಡುಕರಿದ್ದಾರೆ, ಬೈಯುವವರಿದ್ದಾರೆ. ಲೋಭಿಗಳನ್ನು ನಾವು ಚರ್ಚಿನ ಕಟ್ಟಡ ಸಮಿತಿಗೆ ಆರಿಸುತ್ತೇವೆ. ಡಾಂಟೆಯ ನರಕದಲ್ಲಿ ಸೊದೋಮಿನ ಪಾಪದವರೂ ಬಡ್ಡಿ ವ್ಯಾಪಾರಿಗಳೂ ಒಂದೇ ಉರಿಯುವ ಮರಳಿನ ಮೇಲೆ ನೆರೆಹೊರೆಯವರು, ಏಕೆಂದರೆ ಎರಡೂ ಪ್ರಕೃತಿಗೆ ವಿರುದ್ಧವೆಂದು ಅಂದಿನ ತಿಳಿವಳಿಕೆ. 1179ರ ಲ್ಯಾಟರನ್ ಮಹಾಸಭೆ ಬಡ್ಡಿ ತಿನ್ನುವವರಿಗೆ ಕ್ರೈಸ್ತ ಸಮಾಧಿಯನ್ನೇ ನಿರಾಕರಿಸಿತು. ಇಂದು ನಮ್ಮ ಕರಾವಳಿಯಲ್ಲಿ ಕ್ರೈಸ್ತರೇ ಕಟ್ಟಿದ ಕ್ರೆಡಿಟ್ ಸೊಸೈಟಿಗಳಿವೆ, ಠೇವಣಿಗೆ ಬಡ್ಡಿ ಇದೆ, ಉದ್ಘಾಟನೆಗೆ ಗುರುಗಳ ಆಶೀರ್ವಾದವಿದೆ. ಅದರಲ್ಲಿ ನನಗೇನೂ ತಕರಾರಿಲ್ಲ, ನನ್ನಮ್ಮನ ಠೇವಣಿಯೂ ಅಲ್ಲೇ ಇದೆ. ಬಡ್ಡಿಯವನು ಮರಳಿನಿಂದ ಎದ್ದು ಬಟ್ಟೆ ಕೊಡವಿಕೊಂಡು ಮ್ಯಾನೇಜರ್ ಕುರ್ಚಿಯಲ್ಲಿ ಕೂತಾಯಿತು. ಪಕ್ಕದವನನ್ನು ಮಾತ್ರ ಯಾಕೆ ಅಲ್ಲೇ ಬಿಟ್ಟು ಬಂದಿರಿ?

ವಿಚ್ಛೇದನದ ಬಗ್ಗೆ ಯೇಸು ಬಾಯಿಬಿಟ್ಟು ಹೇಳಿದ್ದಾನೆ, ಕಠಿಣವಾಗಿಯೇ ಹೇಳಿದ್ದಾನೆ. ಸಲಿಂಗಪ್ರೇಮದ ಬಗ್ಗೆ ನಾಲ್ಕು ಸುವಾರ್ತೆಗಳಲ್ಲಿ ಅವನ ಒಂದೇ ಒಂದು ಮಾತಿಲ್ಲ. ಹಾಗಿದ್ದೂ ಮರುಮದುವೆಯಾದ ಅಣ್ಣನ ಮನೆಗೆ ನನ್ನ ಸಿಎಸ್ಐ ಗೆಳೆಯ ಉಡುಗೊರೆ ಹಿಡಿದುಕೊಂಡು ಹೋಗುತ್ತಾನೆ. ಇನ್ನು ಜಾತಿ. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿ ಜಾತಿಯನ್ನು ಗಂಭೀರ ಸಾಮಾಜಿಕ ಪಾಪವೆಂದೇ ಕಾಣುತ್ತದೆ. ಬಂಟ್ವಾಳದ ಗೆಳೆಯನಿಗೆ ಹುಡುಗಿ ನೋಡುತ್ತಿದ್ದಾರೆ. ಬಾಮಣ್ ಮನೆತನವೇ ಆಗಬೇಕಂತೆ. ‘ಮನೆಯವರ ಆಸೆ, ನಾನೇನು ಮಾಡಲಿ’ ಎನ್ನುತ್ತಾನೆ. ಈ ಪಾಪಕ್ಕೆ ಮಾತ್ರ ಅವನು ಎದೆ ಬಡಿದುಕೊಂಡದ್ದನ್ನು ನೋಡಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬ್ರಹ್ಮಚರ್ಯದ ವಾದ. ‘ಒಲವು ಪಾಪವಲ್ಲ, ಆದರೆ ಜೀವನವಿಡೀ ಒಂಟಿಯಾಗಿ ಇದ್ದುಬಿಡಲಿ’ ಎಂದು ಬಲು ಸಲೀಸಾಗಿ ಹೇಳುತ್ತಾರೆ. ಹೇಳುವವರಲ್ಲಿ ಮೂವರಿಗೂ ಮದುವೆಯ ಮಾತುಕತೆ ನಡೆಯುತ್ತಿದೆ! ಬೈಬಲ್ಲಿನ ಮೊದಲ ಪುಟಗಳಲ್ಲಿ, ಪಾಪ ಇನ್ನೂ ಲೋಕಕ್ಕೆ ಬರುವ ಮೊದಲೇ, ದೇವರು ಒಳ್ಳೆಯದಲ್ಲ ಎಂದು ಹೇಳಿದ್ದು ಒಂದೇ ಒಂದು ಸಂಗತಿಯನ್ನು: ಮನುಷ್ಯ ಒಂಟಿಯಾಗಿರುವುದು. ಬ್ರಹ್ಮಚರ್ಯ ಕೆಲವರಿಗೆ ಸಿಗುವ ವರ ಎಂದು ಯೇಸುವೂ ಪೌಲನೂ ಹೇಳುತ್ತಾರೆ. ಆ ವರವಿಲ್ಲದವನು ಒಳಗೇ ಬೇಯುವ ಬದಲು ಮದುವೆಯಾಗಲಿ ಎಂದು ಅದೇ ಪೌಲ ಸಲಹೆ ಕೊಡುತ್ತಾನೆ. ಗುರುವಾಗುವವನು ಆ ವರ ತನಗಿದೆಯೇ ಎಂದು ಸೆಮಿನರಿಯಲ್ಲಿ ವರ್ಷಗಟ್ಟಲೆ ಪರೀಕ್ಷಿಸಿಕೊಂಡು ತಾನಾಗಿಯೇ ಪ್ರತಿಜ್ಞೆ ಮಾಡುತ್ತಾನೆ. ಹದಿನೈದು ವರ್ಷದ ಹುಡುಗನ ಮೇಲೆ ಅದನ್ನು ಯಾರು ಹೊರಿಸಿದರು?

ನಮ್ಮ ಪ್ರಾಟೆಸ್ಟೆಂಟರ ಕಥೆ ಇನ್ನೂ ವಿಚಿತ್ರ. ಹೊರಿಸಿದ ಬ್ರಹ್ಮಚರ್ಯ ದೇವರದಲ್ಲ, ಮನುಷ್ಯರದು ಎಂದು 1521ರಲ್ಲಿ ಮಠದ ಪ್ರತಿಜ್ಞೆಗಳ ವಿರುದ್ಧ ಪುಸ್ತಕ ಬರೆದವನು ಲೂಥರ್. 1525ರಲ್ಲಿ ಮಠ ಬಿಟ್ಟು ಬಂದ ಕಟರೀನಾ ಫಾನ್ ಬೋರಾಳನ್ನು ಮದುವೆಯಾದ. ನಮ್ಮ ಪಾದ್ರಿಗಳ ಬಂಗಲೆಗಳಲ್ಲಿ ಇಂದು ಮಕ್ಕಳ ಗಲಾಟೆ ಕೇಳಿಸುತ್ತಿದ್ದರೆ ಅದು ಆ ಜಗಳದ ಫಲ. ಅದೇ ಬಂಗಲೆಯ ಜಗಲಿಯಲ್ಲಿ ಕೂತು ಒಬ್ಬ ಹುಡುಗನಿಗೆ ಆಜನ್ಮ ಬ್ರಹ್ಮಚರ್ಯ ವಿಧಿಸುತ್ತೇವೆ. ದೇವಶಾಸ್ತ್ರ ಓದಿದ ಗೆಳೆಯನಿಗೆ ಇದನ್ನು ಹೇಳಿದಾಗ, ‘ಯೋಚಿಸಬೇಕಾದ ವಿಷಯ’ ಎಂದ. ಎರಡು ವರ್ಷವಾಯಿತು, ಇನ್ನೂ ಯೋಚಿಸುತ್ತಿದ್ದಾನೆ.

ಪಾಪ ಬೇರೆ, ಅಪರಾಧ ಬೇರೆ ಎಂಬುದಾದರೂ ನಮಗೆ ಬೇಗ ತಿಳಿಯಬೇಕಿತ್ತು. ಇಂಗ್ಲೆಂಡಿನಲ್ಲಿ ಚರ್ಚಿನ ನ್ಯಾಯಾಲಯದ ಮಟ್ಟಿಗಿದ್ದ ವಿಷಯವನ್ನು 1533ರಲ್ಲಿ ಎಂಟನೇ ಹೆನ್ರಿ ಗಲ್ಲುಶಿಕ್ಷೆಯ ಅಪರಾಧ ಮಾಡಿದ. ಅದರ ವಂಶದ ಕುಡಿಯೇ 1862ರಲ್ಲಿ ಜಾರಿಗೆ ಬಂದ ನಮ್ಮ ದಂಡಸಂಹಿತೆಯ 377ನೇ ಕಲಮು. ಇಂಗ್ಲೆಂಡು 1967ರಲ್ಲಿ ತನ್ನ ಕಾನೂನು ಸಡಿಲಿಸಿತು. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಮೈಕೆಲ್ ರಾಮ್ಸೆ ಇದನ್ನು ಪಾಪವೆಂದೇ ನಂಬಿದ್ದವರು. ನಂಬಿದ್ದೂ, ಪಾಪಗಳನ್ನೆಲ್ಲ ಪೊಲೀಸರಿಗೆ ಒಪ್ಪಿಸಬೇಕಾಗಿಲ್ಲ ಎಂಬ ನಿಲುವಿನಿಂದ ಸುಧಾರಣೆಯ ಪರ ನಿಂತರು. ನಮ್ಮಲ್ಲಿ? ದೆಹಲಿ ಹೈಕೋರ್ಟಿನ 2009ರ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 2018ರಲ್ಲೂ ಕೆಲವು ಸಂಘಟನೆಗಳು ವಕೀಲರನ್ನಿಟ್ಟು ವಿರೋಧಿಸಿದವು. ನ್ಯಾಯವಾಗಿ ಹೇಳಬೇಕೆಂದರೆ 2013ರ ಡಿಸೆಂಬರಿನಲ್ಲಿ 377 ಮರಳಿ ಬಂದಾಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್, ಇವರನ್ನು ಅಪರಾಧಿಗಳೆಂದು ಕಾಣುವುದು ಧರ್ಮಸಭೆಗೆ ಒಪ್ಪಿಗೆಯಲ್ಲ ಎಂದು ಹೇಳಿದ್ದರು. ಅವರ ಮಾತು ನನ್ನ ಗೆಳೆಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಪಿಯನ್ನು ಪ್ರೀತಿಸುವವರು ಪಾಪಿಯನ್ನು ಜೈಲಿಗೆ ಕಳಿಸುವ ಕಲಮಿನ ಬಗ್ಗೆ ಏನೂ ವಿಚಾರಿಸಿರಲಿಲ್ಲ.

ಇಷ್ಟು ಓದಿ ನನ್ನ ಹಿಂದೂ ಗೆಳೆಯರು, ಅದರಲ್ಲೂ ಪ್ರಗತಿಪರರು, ಖುಷಿಯಾಗಿರಬಹುದು. ‘ಇದೆಲ್ಲ ನಿಮ್ಮ ಪಾದ್ರಿಗಳು ತಂದ ರೋಗ, ನಮ್ಮ ದೇವಸ್ಥಾನದ ಗೋಡೆ ನೋಡು’ ಎನ್ನುವವರು ಇದ್ದಾರೆ. ಗೋಡೆ ನೋಡಿದ್ದೇನೆ. ಮನೆಯೊಳಗೂ ನೋಡಿದ್ದೇನೆ. ಅದೇ 2009ರ ತೀರ್ಪನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಮೊದಲು ಹತ್ತಿದವರು ಪಾದ್ರಿಯಲ್ಲ, ದೆಹಲಿಯ ಒಬ್ಬ ಜ್ಯೋತಿಷಿ. 2023ರ ಮದುವೆಯ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಭಾರತೀಯ ಕುಟುಂಬದ ಕಲ್ಪನೆಯನ್ನು ಮುಂದಿಟ್ಟಿತೇ ಹೊರತು ಪೌಲನ ಪತ್ರಗಳನ್ನಲ್ಲ. ಮನುಸ್ಮೃತಿಯಲ್ಲೂ ಇದಕ್ಕೆ ಪ್ರಾಯಶ್ಚಿತ್ತ, ದಂಡಗಳಿವೆ. ಸವದತ್ತಿಯ ಗುಡ್ಡದಲ್ಲಿ ಜೋಗಪ್ಪನ ಕಾಲಿಗೆ ಬೀಳುವ ಕೈಗಳೇ ಊರಿಗೆ ಬಂದು ಅವರಿಗೆ ಬಾಡಿಗೆ ಮನೆ ಇಲ್ಲ ಎನ್ನುತ್ತವೆ. ಕ್ರೈಸ್ತರನ್ನು ಹೊಡೆಯಲು ಒಂದು ಕೋಲು ಬೇಕಾಗಿ ಸಲಿಂಗಪ್ರೇಮಿಗಳ ಮೇಲೆ ಪ್ರೀತಿ ಬಂದವರ ಸಹವಾಸ ನನಗೆ ಬೇಡ.

ಗೆಳೆಯರ ಜೊತೆಗಿನ ಈ ಚರ್ಚೆಗಳಲ್ಲಿ ಹೆಚ್ಚಿನ ಸಲ ನಾಲ್ಕನೆಯವನೊಬ್ಬ ಇರುತ್ತಿದ್ದ. ಅವನ ವಿಷಯ ನಮಗೆಲ್ಲ ಗೊತ್ತಿತ್ತು, ಅವನೇ ಹೇಳಿಕೊಂಡಿದ್ದ. ಅವನು ಪಾಪವೋ ಅಲ್ಲವೋ ಎಂದು ನಾವು ವಾದ ಮಾಡುವಾಗ ಅವನು ಚಾ ಲೋಟಗಳನ್ನು ಒಟ್ಟು ಮಾಡಿ ತೊಳೆಯಲು ಎದ್ದು ಹೋಗುತ್ತಿದ್ದ. ಅವನ ಮನೆಯವರು ಒಮ್ಮೆ ಅವನನ್ನು ಬಿಡುಗಡೆಯ ಪ್ರಾರ್ಥನೆಗೆಂದು ಒಂದು ಧ್ಯಾನಕೇಂದ್ರಕ್ಕೆ ಕರೆದುಕೊಂಡು ಹೋದರು. ಹೊಡೆಯಲಿಲ್ಲ, ಬೈಯಲಿಲ್ಲ. ಐದು ದಿನ ತಲೆಯ ಮೇಲೆ ಕೈಯಿಟ್ಟು ಅತ್ತರು. ‘ಹೊಡೆದಿದ್ದರೆ ವಾಪಸ್ ಸಿಟ್ಟು ಮಾಡಬಹುದಿತ್ತು’ ಎಂದಿದ್ದ. ಅಮೆರಿಕದಲ್ಲಿ ಇದೇ ಕೆಲಸಕ್ಕೆಂದು 1976ರಲ್ಲಿ ಹುಟ್ಟಿದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಂಸ್ಥೆ 2013ರಲ್ಲಿ ಬಾಗಿಲು ಹಾಕಿತು; ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ ಆದ ನೋವಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಇಂಥ ‘ಪರಿವರ್ತನೆ ಚಿಕಿತ್ಸೆ’ ಮಾಡುವುದು ವೈದ್ಯರಿಗೆ ವೃತ್ತಿದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಪ್ರಾರ್ಥನೆಯ ಹೆಸರಿನಲ್ಲಿ ನಡೆದರೆ ಕೇಳುವವರಿಲ್ಲ.

ಮರವನ್ನು ಅದರ ಹಣ್ಣಿನಿಂದ ಗುರುತಿಸಿ ಎಂದವನು ಯೇಸು. ನಿಮ್ಮ ಬೋಧನೆಯ ಹಣ್ಣು ಯಾವುದು, ಗೆಳೆಯರೇ? ಅವನಿಗೆ ಯಾರನ್ನೋ ಪ್ರೀತಿಸಿದ್ದರಿಂದ ಯಾರಿಗೂ ಹಾನಿಯಾಗಿದ್ದನ್ನು ನೀವು ನನಗೆ ಇದುವರೆಗೆ ತೋರಿಸಿಲ್ಲ. ‘ಚರ್ಚು ಹೇಳುತ್ತದೆ’ ಎನ್ನುತ್ತೀರಿ. ಚರ್ಚು ಹೇಳುವುದನ್ನೆಲ್ಲ ನೀವು ಹೇಳುವುದಿಲ್ಲ, ಮೇಲೆ ಪಟ್ಟಿ ಕೊಟ್ಟಿದ್ದೇನೆ. ಇದೊಂದನ್ನು ಆರಿಸಿಕೊಂಡು ಹೇಳುವುದು ನೀವು. ಆದ್ದರಿಂದ ನಿಮ್ಮ ಹೆಸರಿನಲ್ಲೇ ಹೇಳಿ. ನನ್ನ ಬಳಿ ಅಲ್ಲ, ಅವನ ಬಳಿ, ಮಧ್ಯಮ ಪುರುಷದಲ್ಲಿ: ನೀನು ಪಾಪ, ನೀನು ಕೊನೆಯವರೆಗೆ ಒಂಟಿಯಾಗಿರು, ನಾನು ಫೆಬ್ರವರಿಯಲ್ಲಿ ಮದುವೆಯಾಗುತ್ತೇನೆ, ನೀನು ಬಂದು ಹಾಡು.

ಅವನು ಚೆನ್ನಾಗಿ ಹಾಡುತ್ತಿದ್ದ. ಕ್ವಾಯರಿನಲ್ಲಿ ಟೆನರ್ ಅವನದೇ. ಈಗ ಬೆಂಗಳೂರಿನಲ್ಲಿ ಕೆಲಸ, ಮೂರು ಕ್ರಿಸ್ಮಸ್ಸಿನಿಂದ ಊರಿಗೆ ಬಂದಿಲ್ಲ. ಅವನ ಅಮ್ಮ ಪ್ರತಿ ಡಿಸೆಂಬರಿನಲ್ಲೂ ಕುಸ್ವಾರಿನ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ರಾತ್ರಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಾರೆ. ಮಗ ಯಾಕೆ ಬರುವುದಿಲ್ಲವೆಂದು ಚರ್ಚಿನಲ್ಲಿ ಯಾರಾದರೂ ಕೇಳಿದರೆ ರಜೆ ಸಿಗಲಿಲ್ಲ ಎನ್ನುತ್ತಾರೆ.